ಮರದ ಲೆಕ್ಕ ಮತ್ತು ನೆರಳಿನ ಲೆಕ್ಕ

ಬೆಂಗಳೂರಿನಲ್ಲಿ ಮರ ಕಡಿಯುವ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಸಮಾಧಾನದ ಮಾತೂ ಬರುತ್ತದೆ: ‘ಒಂದು ಮರಕ್ಕೆ ಬದಲಾಗಿ ಹತ್ತು ಸಸಿ ನೆಡುತ್ತೇವೆ.’ ಒಂದು ಕೊಟ್ಟು ಹತ್ತು ಪಡೆದರೆ ನಷ್ಟವೇನು ಎಂದು ಕೇಳಿದವರಿಗೆ ಅನಿಸುವುದು ಸಹಜ. ಎಂ.ಜಿ. ರಸ್ತೆಯ ಬುಲೆವಾರ್ಡ್ ಮೆಟ್ರೋಗೆ ಜಾಗ ಬಿಟ್ಟ ದಿನಗಳಿಂದ ಕೆ.ಆರ್. ಪುರದ ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುವವರೆಗೂ ನಾವು ಇಂಥ ಮಾತುಗಳನ್ನು ಕೇಳುತ್ತಲೇ ಬಂದಿದ್ದೇವೆ. ಆದರೆ ಈ ಲೆಕ್ಕ ಸರಿಯೇ ಎಂದು ಕೇಳಿದವರು ಕಡಿಮೆ.

2025ರಲ್ಲಿ ದಂಡು ರೈಲು ನಿಲ್ದಾಣದ ಬಳಿಯ ರೈಲ್ವೆ ಕಾಲೊನಿ ಈ ಪ್ರಶ್ನೆಯನ್ನು ಮತ್ತೆ ಎತ್ತಿತು. ಅಲ್ಲಿನ 8.61 ಎಕರೆ ರೈಲ್ವೆ ಜಮೀನನ್ನು ವಾಣಿಜ್ಯ ಅಭಿವೃದ್ಧಿಗೆ ಗುತ್ತಿಗೆ ನೀಡಿ, 368 ಮರಗಳನ್ನು ತೆರವುಗೊಳಿಸುವ ಪ್ರಸ್ತಾವ ಬಂತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, 50ಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ನಾಗರಿಕರು ಆಕ್ಷೇಪಣೆ ಸಲ್ಲಿಸಿದ್ದಷ್ಟೇ ಅಲ್ಲ, ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬೇಕೆಂದೂ ಒತ್ತಾಯಿಸಿದರು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲೇ, ದೇಶದಲ್ಲಿ ಮೊದಲ ಬಾರಿಗೆ, ಆ ಮನ್ನಣೆ ದೊರೆತಿತ್ತು.

ಈ 368 ಮರಗಳಿಗೆ ‘ಒಂದಕ್ಕೆ ಹತ್ತು’ ಲೆಕ್ಕ ಹಾಕಿದರೆ 3,680 ಸಸಿಗಳಾಗುತ್ತವೆ. ಅವುಗಳನ್ನು ಎಲ್ಲಿ ನೆಡುವುದು? ಶಿವಾಜಿನಗರದಲ್ಲಿ ಅಷ್ಟು ಜಾಗವಿದೆಯೇ? ಹಲಸೂರಿನಲ್ಲಿ ಇದೆಯೇ? ಮರ ಕಡಿದವರು ಹೊಸದನ್ನು ನೆಡಬೇಕೆನ್ನುವ ಕಾನೂನೇ, ಬೇರೆಡೆ ನೆಡಲೂ ದಾರಿ ಬಿಟ್ಟಿದೆ. ಹೀಗಾಗಿ ಮರ ಹೋಗುವುದು ಒಂದು ಬೀದಿಯಿಂದ, ಸಸಿ ಬರುವುದು ಊರಾಚೆಯ ಯಾವುದೋ ಬಯಲಿಗೆ. ಕಾಗದದ ಮೇಲೆ ಎರಡೂ ಸರಿದೂಗುತ್ತವೆ.

ಆದರೆ ನೆರಳು ಹೀಗೆ ಸರಿದೂಗುವ ವಸ್ತುವಲ್ಲ. ಬೆಂಗಳೂರಿನ ಬೀದಿಗಳಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ಬೀದಿಯ ಮಧ್ಯಾಹ್ನದ ಗಾಳಿಯ ಉಷ್ಣಾಂಶ ಮರವಿಲ್ಲದ ಬೀದಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈ ಉಷ್ಣಾಂಶ 27.5 ಡಿಗ್ರಿಯವರೆಗೂ ಕಡಿಮೆಯಿರುವುದು ಕಂಡುಬಂತು. ಈ ತಂಪಿನ ಫಲಾನುಭವಿಗಳು ಯಾರು? ಹವಾನಿಯಂತ್ರಿತ ಕಾರಿನಲ್ಲಿ ಇಂದಿರಾನಗರ ದಾಟುವವರಲ್ಲ. ರಸೆಲ್ ಮಾರುಕಟ್ಟೆಯ ಹೊರಗೆ ತಳ್ಳುಗಾಡಿ ನಿಲ್ಲಿಸಿಕೊಂಡವರು, ಬಸ್ಸಿಗೆ ಕಾಯುವ ಹೆಂಗಸರು, ಸವಾರಿಗಳ ನಡುವೆ ಅರೆಗಳಿಗೆ ಕಣ್ಣುಮುಚ್ಚುವ ಆಟೋ ಚಾಲಕರು. ಅವರಿಂದ ಕಿತ್ತುಕೊಂಡದ್ದನ್ನು ಇನ್ನಾರಿಗೋ ಕೊಟ್ಟು ಸಾಲ ತೀರಿತೆನ್ನುವುದು ಯಾವ ನ್ಯಾಯ? ಸಾಲವನ್ನು ಯಾರಿಂದ ಪಡೆದೆವೋ ಅವರಿಗೇ ಮರಳಿಸಬೇಕಲ್ಲವೇ?

ಕಾಡಿನ ವಿಷಯದಲ್ಲೂ ಇದೇ ತರ್ಕ ನಡೆಯುತ್ತಿದೆ. 1980ರ ಅರಣ್ಯ ಕಾಯ್ದೆಯಡಿ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಪಡೆದವರು ಪರಿಹಾರಾರ್ಥ ಅರಣ್ಯೀಕರಣಕ್ಕೆ ಹಣ ಕಟ್ಟಬೇಕು. ಈ ವ್ಯವಸ್ಥೆಯ 2006ರಿಂದ 2012ರವರೆಗಿನ ಲೆಕ್ಕವನ್ನು ಮಹಾಲೇಖಪಾಲರು 2013ರಲ್ಲಿ ಮುಂದಿಟ್ಟರು: ಅರಣ್ಯೇತರ ಭೂಮಿ 1,03,382 ಹೆಕ್ಟೇರ್ ಬರಬೇಕಾಗಿದ್ದಲ್ಲಿ ಬಂದದ್ದು ಶೇ. 27 ಮಾತ್ರ. ಹಣ ಜಮೆಯಾಯಿತು, ಕಾಡು ಬರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಹಸಿರು ಕ್ರೆಡಿಟ್ ನಿಯಮಗಳು ಮರವನ್ನು ನೇರವಾಗಿ ಅಂಕವನ್ನಾಗಿಸಿದವು. 2024ರ ಫೆಬ್ರವರಿಯ ವಿಧಾನದಂತೆ, ಹೆಕ್ಟೇರಿಗೆ ಕನಿಷ್ಠ 1,100 ಮರಗಳಿರಬೇಕು, ಮರವೊಂದಕ್ಕೆ ಒಂದು ಕ್ರೆಡಿಟ್. ನೆಡುವ ಜಾಗ ‘ಹಾಳುಬಿದ್ದ’ ಭೂಮಿ. ಕುರುಚಲು ಕಾಡೂ ಅದರಲ್ಲಿ ಸೇರಿತು. ಕುರುಚಲು, ಹುಲ್ಲುಗಾವಲುಗಳಿಗೂ ತಮ್ಮದೇ ಹಕ್ಕಿಗಳು, ತಮ್ಮದೇ ದನಗಾಹಿಗಳು ಇರುತ್ತಾರೆ ಎಂಬುದನ್ನು ಈ ನಿಯಮ ಮರೆಯಿತು. ಟೀಕೆಗಳ ನಂತರ 2025ರ ಆಗಸ್ಟ್‌ನಲ್ಲಿ ವಿಧಾನವನ್ನು ತಿದ್ದಲಾಯಿತು. ಈಗ ಐದು ವರ್ಷ ಬೆಳೆಸಿ, ಮರಗಳ ಹಂದರ ಶೇ. 40ರಷ್ಟು ದಟ್ಟವಾದ ಮೇಲೆಯೇ ಕ್ರೆಡಿಟ್ ಸಿಗುತ್ತದೆ. ಇದು ಒಳ್ಳೆಯ ತಿದ್ದುಪಡಿಯೆಂದು ಒಪ್ಪೋಣ. ಆದರೆ ಆ ಕ್ರೆಡಿಟ್ಟನ್ನು ಬೇರೆಡೆ ಕಳೆದುಕೊಂಡ ಕಾಡಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಲು ಅವಕಾಶ ಉಳಿದಿರುವವರೆಗೆ ಮೂಲ ದೋಷವೂ ಉಳಿದಿದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸ್ಥಳೀಯ ಸಸ್ಯಸಂಪತ್ತನ್ನು ತೆರವುಗೊಳಿಸುವವರು ಕ್ರೆಡಿಟ್ ಖರೀದಿಸುವ ವ್ಯವಸ್ಥೆ ನಮಗಿಂತ ಬಹಳ ಮೊದಲೇ ಬಂದಿದೆ. ಅಲ್ಲಿ ದಾಖಲೆ, ನೋಂದಣಿ, ಮಾರುಕಟ್ಟೆ ಎಲ್ಲವೂ ಇವೆ. ಹೀಗಿದ್ದೂ, ಖಾಸಗಿ ಜಮೀನಿನಲ್ಲಿ ಸಸ್ಯನಷ್ಟವನ್ನು ಸರಿದೂಗಿಸುವ ಗುರಿ ಈಡೇರುತ್ತಿಲ್ಲ ಎಂದು ಆ ರಾಜ್ಯದ ಲೆಕ್ಕ ಪರಿಶೋಧಕರೇ 2022ರಲ್ಲಿ ಹೇಳಿದರು.

ಹಾಗಾದರೆ ಮೆಟ್ರೋ ಬೇಡವೇ, ಮನೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಮೆಟ್ರೋದಲ್ಲಿ ಓಡಾಡುವವರಲ್ಲಿ ಬಡವರೂ ಇದ್ದಾರೆ. ನಮ್ಮ ತಕರಾರು ಅಭಿವೃದ್ಧಿಯ ಮೇಲಲ್ಲ, ಪ್ರಶ್ನೆಗಳನ್ನು ಕೇಳುವ ಕ್ರಮದ ಮೇಲೆ. ಮೊದಲು ‘ಕಡಿಯದೆ ಸಾಧ್ಯವಿಲ್ಲವೇ?’ ಎಂದು ಕೇಳಬೇಕು. ‘ಬದಲಿಗೆ ಎಷ್ಟು?’ ಎಂಬುದು ಕೊನೆಯ ಪ್ರಶ್ನೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಬಲಿಯಾಗಬೇಕಿತ್ತು. 2016ರಲ್ಲಿ ಜನ ಬೀದಿಗಿಳಿದು ಮೊದಲ ಪ್ರಶ್ನೆಯನ್ನೇ ಕೇಳಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬದಲಿ ಸಸಿಗಳ ಮಾತೇ ಉಳಿಯಲಿಲ್ಲ.

ಕಡಿಯಲೇಬೇಕಾದ ಸಂದರ್ಭದಲ್ಲಿ, ಬದಲಿ ಮರಗಳು ಅದೇ ವಾರ್ಡಿನಲ್ಲಿ, ನಡೆದು ತಲುಪುವ ದೂರದಲ್ಲಿ ಬರಲಿ. ಯಾವ ಬೀದಿಯಲ್ಲಿ ಯಾವ ಸಸಿ, ನೀರು ಹಾಕುವ ಹೊಣೆ ಯಾರದು, ಐದು ವರ್ಷಗಳ ನಂತರ ಎಷ್ಟು ಉಳಿದವು ಎಂಬ ಪಟ್ಟಿಯನ್ನು ಅದೇ ವಾರ್ಡಿನ ಕಚೇರಿಯ ಗೋಡೆಗೆ ಕನ್ನಡದಲ್ಲಿ, ಉರ್ದು, ತಮಿಳುಗಳಲ್ಲಿ ಅಂಟಿಸಲಿ. ನೆರಳು ಕಳೆದುಕೊಂಡವರೇ ಅದನ್ನು ಓದಿ, ಸಾಲ ತೀರಿತೋ ಇಲ್ಲವೋ ಎಂದು ಹೇಳಲಿ.