ಟವರ್ ಹಿಲ್‌ನ ಫಲಕ ಮತ್ತು ಹಡಗಿನ ಆಳುಪಟ್ಟಿ: ಒಂದು ತಿದ್ದುಪಡಿ

ಎರಡು ವರ್ಷದ ಹಿಂದೆ ಕರಾವಳಿಯ ಹಿರಿಯರೊಬ್ಬರು ನನಗೆ ಪತ್ರ ಬರೆದಿದ್ದರು. ಅವರ ಮುತ್ತಜ್ಜ ಮುಂಬಯಿಯಲ್ಲಿ 'ಪರ್ಷಿಯಾ' ಎಂಬ ಹಡಗಿನಲ್ಲಿ ಕೆಲಸಕ್ಕೆ ಸೇರಿದವರು ಮರಳಿ ಬರಲಿಲ್ಲವಂತೆ. ಅವರ ಹೆಸರನ್ನು ಎಲ್ಲಾದರೂ ಕೆತ್ತಿದ್ದಾರೆಯೇ ಎಂಬುದು ಪ್ರಶ್ನೆ. ನಾನು ಲಂಡನ್ನಿನ ಟವರ್ ಹಿಲ್ ಸ್ಮಾರಕದ ಫಲಕದ ಫೋಟೋ ದೊಡ್ಡದು ಮಾಡಿ, ಹಡಗಿನ ಹೆಸರಿನ ಕೆಳಗಿನ ಸಾಲುಗಳನ್ನು ಒಂದೊಂದಾಗಿ ಓದಿ, "ಇಲ್ಲ, ಮನೆಯವರ ನೆನಪಿನಲ್ಲಿ ಹಡಗಿನ ಹೆಸರು ತಪ್ಪಿರಬಹುದು" ಅಂತ ಉತ್ತರ ಕೊಟ್ಟೆ. ಓದಿದ ಪಾಠ ಸರಿಯಿತ್ತು, ತೆಗೆದ ತೀರ್ಮಾನ ತಪ್ಪು. ಅದನ್ನು ಇಲ್ಲಿ ತಿದ್ದಿಕೊಳ್ಳುತ್ತಿದ್ದೇನೆ.

ಮೊದಲು ಫಲಕದ ವಿಚಾರ. ಟವರ್ ಹಿಲ್ ಸ್ಮಾರಕ ಎಡ್ವಿನ್ ಲುಟ್ಯೆನ್ಸ್ ವಿನ್ಯಾಸ, 1928ರಲ್ಲಿ ಅನಾವರಣವಾಯಿತು. ಮೊದಲ ಮಹಾಯುದ್ಧದಲ್ಲಿ ಸತ್ತ, ಸಮುದ್ರವೇ ಸಮಾಧಿಯಾದ ಸುಮಾರು 12,000 ವ್ಯಾಪಾರಿ ನಾವಿಕರು ಮತ್ತು ಮೀನುಗಾರರ ಹೆಸರುಗಳು ಕಂಚಿನ ಫಲಕಗಳಲ್ಲಿ ಹಡಗುವಾರು ಇವೆ. ಶಾಸನವಾಗಿ ನೋಡಿದರೆ ಅಚ್ಚುಕಟ್ಟು ಕೆಲಸ: ಅಕ್ಷರ ಸ್ಪಷ್ಟ, ಕ್ರಮ ಸರಳ. ತಕರಾರು ಇರುವುದು ಅದು ಹೇಳದೆ ಬಿಟ್ಟದ್ದರ ಬಗ್ಗೆ. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 51 ಸಾವಿರ ಲಸ್ಕರರಿದ್ದರು. ಅಂದರೆ ಹೆಚ್ಚುಕಡಿಮೆ ಆರು ಜನ ಆಳುಗಳಲ್ಲಿ ಒಬ್ಬ. ಇವರನ್ನು ಪ್ರತ್ಯೇಕ ಲಸ್ಕರ್ ಕರಾರಿನ ಮೇಲೆ ಸೇರಿಸಿಕೊಳ್ಳುತ್ತಿದ್ದರು. ಹಾಗೆ ಸೇರಿದವರ ಹೆಸರು ಲಂಡನ್ನಿನ ಕಂಚಿಗೆ ಹೋಗಲಿಲ್ಲ. ಮುಂಬಯಿಯ ಸ್ಮಾರಕದ ಲೆಕ್ಕಕ್ಕೆ ಹೋಯಿತು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮರಣೆಯಿದೆ.

1915ರ ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ಹತ್ತಿರ ಜರ್ಮನಿಯ ಯು-38 ಜಲಾಂತರ್ಗಾಮಿ 'ಪರ್ಷಿಯಾ'ವನ್ನು ಮುಳುಗಿಸಿತು. ಹಡಗಿನಲ್ಲಿದ್ದ 519 ಜನರಲ್ಲಿ 343 ಮಂದಿ ಸತ್ತರು. ಒಂದೇ ಹಡಗು, ಒಂದೇ ಮಧ್ಯಾಹ್ನ, ಒಂದೇ ನೀರು. ಹೆಸರು ಮಾತ್ರ ಕರಾರಿನ ಪ್ರಕಾರ ಎರಡು ಊರಿಗೆ ಹಂಚಿಹೋಯಿತು.

ಒಡೆದ ಕಲ್ಲು ತಾನು ಒಡೆದಿದ್ದೇನೆ ಎಂದು ತೋರಿಸುತ್ತದೆ. ಸಾಲು ಸವೆದಿದ್ದರೆ ನಾವು 'ತ್ರುಟಿತ' ಅಂತ ಗುರುತು ಹಾಕುತ್ತೇವೆ, ಊಹೆಯನ್ನು ಕಂಸದಲ್ಲಿಡುತ್ತೇವೆ. ಟವರ್ ಹಿಲ್‌ನ ಫಲಕದಲ್ಲಿ ಬಿರುಕೇ ಇಲ್ಲ. ಅದಕ್ಕೇ ನಾನು ಅದನ್ನು ಪೂರ್ಣ ಪಾಠ ಅಂದುಕೊಂಡೆ. ಕಲ್ಲು ಮತ್ತು ಲೋಹದ ಮೇಲೆ ನಮಗಿರುವ ಅತಿಯಾದ ಭಕ್ತಿಯೂ ಇದಕ್ಕೆ ಕಾರಣ, ಒಪ್ಪಿಕೊಳ್ಳೋಣ. ಮುಂಬಯಿಯ ಬೊರಿವಲಿ ಬಳಿ ಎಕ್ಸರದ ವೀರಗಲ್ಲುಗಳಲ್ಲಿ ನೌಕಾಯುದ್ಧದ ಚಿತ್ರಣವಿದೆ, ಸಾಲು ಸಾಲು ಹುಟ್ಟುಗಳಿವೆ. ಹುಟ್ಟು ಹಾಕಿದವರು ಯಾರು ಎಂದು ಆ ಕಲ್ಲನ್ನು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಇನ್ನು ಕಾಗದಕ್ಕೆ ಬರೋಣ. ಹಡಗಿನ ಆಳುಪಟ್ಟಿ ಯಾರ ಗೌರವಕ್ಕೂ ಬರೆದದ್ದಲ್ಲ. ಅದು ಸಂಬಳದ ಕರಾರು. ಹೆಸರು, ವಯಸ್ಸು, ಹುಟ್ಟಿದ ಊರು, ಹುದ್ದೆ, ಹಿಂದೆ ದುಡಿದ ಹಡಗು, ಹತ್ತಿದ ದಿನ, ಇಳಿದ ದಿನ. ದುಡ್ಡಿನ ಲೆಕ್ಕವಾದ್ದರಿಂದ ಕಲ್ಲಿದ್ದಲು ಹೊರುವವನನ್ನೂ ಬಿಡುವ ಹಾಗಿರಲಿಲ್ಲ. 1915ರ ಪಟ್ಟಿಗಳನ್ನು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಮತ್ತು ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯ ಸೇರಿ ಸ್ವಯಂಸೇವಕರಿಂದ ನಕಲು ಮಾಡಿಸಿ ಎಲ್ಲರಿಗೂ ತೆರೆದಿಟ್ಟಿವೆ. ಸುಮಾರು 39,000 ಪಟ್ಟಿಗಳು, ಏಳೂವರೆ ಲಕ್ಷಕ್ಕೂ ಹೆಚ್ಚು ಹೆಸರುಗಳು. ಮೂಲದ ಚಿತ್ರವೂ ಸಿಗುತ್ತದೆ. ಪಡಿಯಚ್ಚಿಗಾಗಿ ಕಚೇರಿ ಕಚೇರಿ ಅಲೆದ ನಮ್ಮಂಥವರಿಗೆ ಇದರ ಬೆಲೆ ಗೊತ್ತು.

ಆದರೆ ಇಲ್ಲಿಯೂ ಒಂದು ತೊಡಕಿದೆ. ಹುಡುಕುವ ಪೆಟ್ಟಿಗೆ ಮನೆತನದ ಹೆಸರು ಕೇಳುತ್ತದೆ. ಎಷ್ಟೋ ಲಸ್ಕರರಿಗೆ ಅದೇ ಇಲ್ಲ. ಬಾಯಲ್ಲಿ ಹೇಳಿದ್ದನ್ನು ಗುಮಾಸ್ತ ಕಿವಿಗೆ ಬಿದ್ದ ಹಾಗೆ ರೋಮನ್ ಅಕ್ಷರದಲ್ಲಿ ಗೀಚಿದ. ನೂರು ವರ್ಷದ ನಂತರ ಸ್ವಯಂಸೇವಕ ಆ ಗೀಚನ್ನು ಕಣ್ಣಿಗೆ ಕಂಡ ಹಾಗೆ ಟೈಪ್ ಮಾಡಿದ. ಕವಿ, ಲಿಪಿಕಾರ, ರೂವಾರಿ ಮೂವರ ಕೈ ದಾಟಿದ ಶಾಸನದಲ್ಲಿ ಆಗುವ ತಪ್ಪುಗಳೇ ಇಲ್ಲೂ ಆಗಿವೆ. ಹಾಗಾಗಿ ಹೆಸರು ಸಿಗಲಿಲ್ಲ ಅಂದರೆ ಮನುಷ್ಯ ಇರಲಿಲ್ಲ ಅಂತಲ್ಲ.

ನಾನೊಬ್ಬ ಎಂಜಿನಿಯರ್. ಹೆಸರಿಗಿಂತ ನಂಬರ್ ಹೆಚ್ಚು ನಂಬುತ್ತೇನೆ. ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ಅಧಿಕೃತ ಸಂಖ್ಯೆ ಇರುತ್ತಿತ್ತು. 1855ರಿಂದ ಈ ಪದ್ಧತಿ ಇದೆ. ಹಡಗಿನ ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಕಾನೂನಿನ ಪ್ರಕಾರ ಅದನ್ನು ಹಡಗಿನ ಮುಖ್ಯ ತೊಲೆಯ ಮೇಲೆ ಕೆತ್ತಲೇಬೇಕಿತ್ತು. ನೋಡಿ, ಪ್ರತಿ ಹಡಗಿನ ಹೊಟ್ಟೆಯೊಳಗೂ ಒಂದು ಶಾಸನ! ಪಟ್ಟಿಗಳನ್ನು ಹುಡುಕಲು ಕೀಲಿಕೈ ಅದೇ ಸಂಖ್ಯೆ. 1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ಬಹುಪಾಲು ಇಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. ಅಲ್ಲೂ ಹಡಗಿನ ಸಂಖ್ಯೆ ಕೊಟ್ಟೇ ಕೇಳಬೇಕು.

ಪಟ್ಟಿ ಸಿಕ್ಕ ಮೇಲೆ ಒಂದು ಹೆಸರಿಗಾಗಿ ಕಣ್ಣಾಡಿಸಬೇಡಿ. ದಾನಶಾಸನ ಓದುವಾಗ ಸಾಕ್ಷಿಗಳನ್ನೂ ಗಡಿಗಳನ್ನೂ ಓದುವ ಹಾಗೆ ಇಡೀ ಪಟ್ಟಿ ಓದಿ. ಸೆರಾಂಗ್ ಆಳುಗಳನ್ನು ಗುಂಪಾಗಿ ತರುತ್ತಿದ್ದ. ಒಂದೇ ಊರಿನವರು ಅಕ್ಕಪಕ್ಕದ ಸಾಲಿನಲ್ಲಿ ಸಿಗುವ ಸಂಭವ ಇದೆ. 'ಹಿಂದಿನ ಹಡಗು' ಎಂಬ ಅಂಕಣ ಹಿಡಿದು ಹಿಂದಿನ ಪಟ್ಟಿಗೆ ಹೋಗಿ. ಹುದ್ದೆಗಳ ಹೆಸರು ನೋಡಿ ಗಾಬರಿ ಬೇಡ. ಅಲ್ಲಿನ 'ಟಿಂಡಾಲ್' ನಮ್ಮ ಮಲ್ಪೆ, ಮಂಗಳೂರಿನ ಬೋಟಿನ ತಾಂಡೇಲನ ನೆಂಟನೇ. ಅಡುಗೆಯವನು ಅಲ್ಲೂ ಭಂಡಾರಿ.

2003ರಲ್ಲಿ 'ಪರ್ಷಿಯಾ'ದ ಅವಶೇಷದಿಂದ ನಿಧಿ ಎತ್ತಲು ಹೋದರು. ಹುಡುಕಾಟ ಇದ್ದದ್ದು ಕಪುರ್ತಲಾದ ಮಹಾರಾಜರ ಆಭರಣಗಳಿಗಾಗಿ. ಮಹಾರಾಜರು ಮಾರ್ಸೇಲ್ಸ್‌ನಲ್ಲೇ ಇಳಿದಿದ್ದರು, ಆಭರಣ ಹಡಗಿನಲ್ಲೇ ಉಳಿದಿತ್ತು. ಕೆಲವು ಹರಳುಗಳು ಮೇಲೆ ಬಂದವು.

ಹಿರಿಯರಿಗೆ ಕಳೆದ ತಿಂಗಳು ಮತ್ತೆ ಬರೆದೆ. "ನಿಮ್ಮ ಮನೆಯ ನೆನಪು ತಪ್ಪು ಅಂದಿದ್ದೆ, ಆ ಮಾತು ಹಿಂದಕ್ಕೆ ತಗೊಂಡಿದ್ದೇನೆ. ನಾನು ನೋಡಬಾರದ ಕಡೆ ನೋಡಿ 'ಇಲ್ಲ' ಅಂದೆ." ಅವರು ಬೇಸರದ ಮಾತೇನೂ ಆಡಲಿಲ್ಲ. ಮುತ್ತಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆದಿರಬಹುದು ಅಂತ ಯೋಚಿಸಿ, ಹನ್ನೊಂದು ರೂಪಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದಾರೆ. ನಾಲ್ಕನ್ನು ನೋಡಿ ಮುಗಿಸಿದ್ದೇನೆ, ಇನ್ನೂ ಏಳು ಬಾಕಿ.