ಎದುರಾಳಿಯಿಲ್ಲದ ಜೂಡೊ

ಜೂಡೊ ವಿಜ್ಞಾನದ ವಿಚಾರಸಂಕಿರಣಗಳಿಗೆ ಇಂದು ಕ್ರೀಡಾ ವಿಜ್ಞಾನದ ವಲಯದಲ್ಲಿ ದೊಡ್ಡ ಮರ್ಯಾದೆಯಿದೆ. ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಊರಿನಲ್ಲೇ ಸಂಶೋಧಕರೂ ಸೇರುವ ರೂಢಿ ಬೆಳೆದಿದೆ. 2003ರಲ್ಲಿ ಒಸಾಕಾದಲ್ಲಿ, 2007ರಲ್ಲಿ ರಿಯೊ ಡಿ ಜನೈರೊದಲ್ಲಿ ಹಾಗೆ ಸೇರಿದ್ದರು. ಯೂರೋಪಿನವರು 2018ರಲ್ಲಿ ಕ್ರೊಯೇಷಿಯಾದ ಪೊರೆಚ್‌ನಲ್ಲಿ ಸೇರಿದರು. ಈ ಕೂಟಗಳನ್ನು ಮೆಚ್ಚುವವರು ಮೊದಲು ಹೇಳುವ ಮಾತು, ಜೂಡೊಗೆ ತನ್ನದೇ ಅಳತೆಗೋಲು ಇದೆ ಎಂಬುದು. ಓಟಗಾರರಿಗೆಂದು ಮಾಡಿದ ಟ್ರೆಡ್‌ಮಿಲ್ ಅಲ್ಲ, ಸೈಕಲ್ ಸವಾರರಿಗೆಂದು ಮಾಡಿದ ಎರ್ಗೊಮೀಟರ್ ಅಲ್ಲ, ತಾತಾಮಿ ಎಂಬ ಚಾಪೆಯ ಮೇಲೆ ಜೂಡೊ ಬಟ್ಟೆ ತೊಟ್ಟೇ ಮಾಡಬಹುದಾದ ಪರೀಕ್ಷೆ. ಪೋಲೆಂಡಿನ ಸ್ತಾನಿಸ್ವಾಫ್ ಸ್ಟೆರ್ಕೊವಿಚ್ 1995ರಲ್ಲಿ ರೂಪಿಸಿದ ಈ 'ವಿಶೇಷ ಜೂಡೊ ಸಾಮರ್ಥ್ಯ ಪರೀಕ್ಷೆ' ಜೂಡೊ ಸಂಶೋಧನೆಯ ಚಲಾವಣೆಯ ನಾಣ್ಯವಾಗಿದೆ. ಆಹಾರ ಪದ್ಧತಿಯ ಅಧ್ಯಯನವಿರಲಿ, ತೂಕ ಇಳಿಸುವುದರ ಪರಿಣಾಮವಿರಲಿ, ಹೊಸ ತರಬೇತಿ ಕ್ರಮವಿರಲಿ, ಕೊನೆಗೆ ಫಲ ಕಾಣಬೇಕಾದ್ದು ಈ ಪರೀಕ್ಷೆಯ ಅಂಕಿಯಲ್ಲಿ.

ಈ ನಾಣ್ಯಕ್ಕೆ ಕೊಟ್ಟಿರುವ ಬೆಲೆ ಅತಿಯಾಯಿತು ಎಂಬುದು ನನ್ನ ವಾದ. ಇದು ಅಳೆಯುವ ಸಂಗತಿಯೇನೋ ನಿಜವಾದದ್ದೇ. ಆದರೆ ಅದು ಜೂಡೊ ಅಲ್ಲ. ಪರೀಕ್ಷೆಯ ಮೇಲೆ ಕಟ್ಟಿದ ಪ್ರಬಂಧಗಳು ಹೆಚ್ಚುತ್ತ ಹೋದಂತೆ ಜೂಡೊದ ತಿರುಳು ಸಂಕಿರಣಗಳ ಮಧ್ಯದಿಂದ ಅಂಚಿಗೆ ಸರಿದಿದೆ.

ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ. ಇಬ್ಬರು ಉಕೆಗಳು, ಅಂದರೆ ಎಸೆಸಿಕೊಳ್ಳುವವರು, ಆರು ಮೀಟರ್ ಅಂತರದಲ್ಲಿ ನಿಲ್ಲುತ್ತಾರೆ. ಎಸೆಯುವವನು, ಟೊರಿ, ನಡುವೆ ಮೂರು ಮೀಟರ್ ಗುರುತಿನಲ್ಲಿ ನಿಲ್ಲುತ್ತಾನೆ. ಸೂಚನೆ ಸಿಕ್ಕೊಡನೆ ಒಬ್ಬನ ಬಳಿ ಓಡಿ 'ಇಪ್ಪೊನ್ ಸೆಒಯಿ ನಾಗೆ'ಯಿಂದ, ಎಂದರೆ ಎದುರಾಳಿಯ ಒಂದು ತೋಳನ್ನು ಹೆಗಲಿಗೆ ಸಿಕ್ಕಿಸಿ ಬೆನ್ನ ಮೇಲಿಂದ ಉರುಳಿಸುವ ಪಟ್ಟಿನಿಂದ, ಎಸೆಯಬೇಕು. ಕೂಡಲೇ ಇನ್ನೊಬ್ಬನ ಬಳಿ ಓಡಿ ಅವನನ್ನೂ ಎಸೆಯಬೇಕು. ಹೀಗೆ 15 ಸೆಕೆಂಡಿನ ಒಂದು ಸುತ್ತು, 30 ಸೆಕೆಂಡಿನ ಎರಡು ಸುತ್ತು, ನಡುವೆ ಹತ್ತತ್ತು ಸೆಕೆಂಡು ವಿರಾಮ. ಮುಗಿದ ಕೂಡಲೇ ಹೃದಯ ಬಡಿತ ಎಣಿಸುತ್ತಾರೆ, ಒಂದು ನಿಮಿಷದ ಬಳಿಕ ಮತ್ತೆ ಎಣಿಸುತ್ತಾರೆ. ಎರಡನ್ನೂ ಕೂಡಿಸಿ ಒಟ್ಟು ಎಸೆತಗಳಿಂದ ಭಾಗಿಸಿದರೆ ಬರುವುದೇ ಸೂಚ್ಯಂಕ. ಅದು ಕಡಿಮೆಯಾದಷ್ಟೂ ಆಟಗಾರ ಉತ್ತಮ.

ಮೊದಲು ಕಾಲುಗಳನ್ನು ಗಮನಿಸಿ. 26 ಎಸೆತ ಮಾಡಿದವನು ಗುರುತಿಂದ ಗುರುತಿಗೆ ಲೆಕ್ಕ ಹಾಕಿದರೆ 147 ಮೀಟರಿನಷ್ಟು ಓಡಿರುತ್ತಾನೆ. ಕೈ ಚಾಚಿ ಹಿಡಿಯುವುದರಿಂದ ಕೊಂಚ ಉಳಿದರೂ ದೂರ ದೊಡ್ಡದೇ. ಜೂಡೊ ಪಂದ್ಯದ ಅಂಕಣವೇ ಎಂಟರಿಂದ ಹತ್ತು ಮೀಟರ್ ಚೌಕ. ಅದರಲ್ಲಿ ಯಾರೂ ಆರು ಮೀಟರ್ ಓಡಿಬಂದು ಎಸೆಯುವುದಿಲ್ಲ. ಬಟ್ಟೆ ಹಿಡಿದವರು ಕಾಲನ್ನು ತಾತಾಮಿಗೆ ಉಜ್ಜಿಕೊಂಡೇ ಸರಿಯುತ್ತಾರೆ. ಓಡಿ ನಿಂತು ದಿಕ್ಕು ಬದಲಿಸುವ ಚುರುಕು ಒಳ್ಳೆಯ ಗುಣವೇ, ಕಬಡ್ಡಿಗೂ ಬೇಕು, ಬ್ಯಾಡ್ಮಿಂಟನ್‌ಗೂ ಬೇಕು. ಆದರೆ ಅದನ್ನೇ ಜೂಡೊದ ವಿಶೇಷ ಸಾಮರ್ಥ್ಯ ಎಂದು ಕರೆಯಲು ಯಾವ ಆಧಾರವಿದೆ?

ಇನ್ನು ಭಾಗಾಕಾರ. 2009ರಲ್ಲಿ ಸಾವೊ ಪಾಲೊದ ಎಮರ್ಸನ್ ಫ್ರಾಂಕಿನಿ ಮತ್ತು ಸಂಗಡಿಗರು ಈ ಪರೀಕ್ಷೆಗೆ ದರ್ಜೆಪಟ್ಟಿ ಕೊಟ್ಟರು. ಎಸೆತ 29 ಅಥವಾ ಹೆಚ್ಚಾದರೆ ಅತ್ಯುತ್ತಮ, 25 ಆದರೆ ಕಳಪೆ. ಸೂಚ್ಯಂಕ 13.04ರಿಂದ 13.94ರ ಒಳಗಿದ್ದರೆ ಸಾಧಾರಣ. ಈಗ ಮೂವರನ್ನು ಊಹಿಸಿಕೊಳ್ಳಿ. ಮೊದಲಿನವನು 25 ಸಲ ಎಸೆದ, ಬಡಿತ 180, ನಿಮಿಷದ ನಂತರ 150. ಎರಡನೆಯವನು 27 ಸಲ, 190 ಮತ್ತು 166. ಮೂರನೆಯವನು 29 ಸಲ, 195 ಮತ್ತು 188. ಮೂವರ ಸೂಚ್ಯಂಕವೂ 13.2. ಮೊದಲಿನವನು ನಿಧಾನಿ, ಬೇಗ ಸುಧಾರಿಸಿಕೊಳ್ಳುವವನು. ಮೂರನೆಯವನು ಬಿರುಸಿನವನು, ನಿಮಿಷ ಕಳೆದರೂ ಏದುಸಿರು ಬಿಡುವವನು. ತರಬೇತುದಾರ ಇವರಿಬ್ಬರಿಗೆ ಹೇಳಬೇಕಾದ ಮಾತು ಪೂರ್ತಿ ವಿರುದ್ಧ ದಿಕ್ಕಿನದು. ಸೂಚ್ಯಂಕ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಪಟ್ಟಿಯಲ್ಲಿ ಎಸೆತದ ಸಂಖ್ಯೆಯನ್ನೂ ಬಡಿತವನ್ನೂ ಬೇರೆ ಬೇರೆ ಕೊಟ್ಟಿದ್ದಾರಲ್ಲ ಎಂದು ಸಮರ್ಥಕರು ಹೇಳುತ್ತಾರೆ. ಕೊಟ್ಟಿದ್ದಾರೆ, ಸರಿ. ಹಾಗಿದ್ದ ಮೇಲೆ ಅವನ್ನು ಕಲಸಿ ಮಾಡಿದ ಅಂಕಿಯ ಅಗತ್ಯವೇನು? ಬಡಿತವನ್ನು ಎಸೆತದಿಂದ ಭಾಗಿಸಿದಾಗ ಉಳಿಯುವ ಪ್ರಮಾಣಕ್ಕೆ ದೇಹದೊಳಗೆ ನೆಲೆಯಿಲ್ಲ. ಮೇಲಾಗಿ ಗರಿಷ್ಠ ಬಡಿತ ವಯಸ್ಸಾದಂತೆ ತಾನಾಗಿ ಇಳಿಯುತ್ತದೆ. ಮೂವತ್ತೆರಡರ ಆಟಗಾರ ಹದಿನೆಂಟರವನಷ್ಟೇ ಎಸೆದು ಅವನಷ್ಟೇ ದಣಿದರೂ ಪಟ್ಟಿಯಲ್ಲಿ ಮೇಲೇರುತ್ತಾನೆ. ಈ ಏರಿಕೆಗೆ ಅಭ್ಯಾಸವೂ ಕಾರಣವಲ್ಲ, ಕೌಶಲವೂ ಅಲ್ಲ.

ಮೂರನೆಯದು ಪಟ್ಟಿನ ಆಯ್ಕೆ. ಇಟಲಿಯ ಅತ್ತಿಲಿಯೊ ಸಾಕ್ರಿಪಾಂತಿ ಜೂಡೊದ ಎಸೆತಗಳನ್ನು ಯಂತ್ರಶಾಸ್ತ್ರದ ಕಣ್ಣಿನಿಂದ ಎರಡು ಕುಲಗಳಾಗಿ ವಿಂಗಡಿಸಿದವರು. ಎದುರಾಳಿಯ ದೇಹವನ್ನು ಒಂದು ಆನಿಕೆಯ ಮೇಲೆ ಸನ್ನೆಯಂತೆ ಎತ್ತಿ ಉರುಳಿಸುವುದು ಒಂದು. ಎರಡು ಬಲಗಳನ್ನು ವಿರುದ್ಧ ದಿಕ್ಕಿಗೆ ಹಚ್ಚಿ ಅವನನ್ನು ತಿರುಗಿಸಿಬಿಡುವುದು ಇನ್ನೊಂದು. ಸೆಒಯಿ ನಾಗೆ ಮೊದಲನೆಯ ಕುಲದ್ದು, ಎದುರಾಳಿಯ ಒಳತೊಡೆಯನ್ನು ಕಾಲಿನಿಂದ ಎತ್ತಿಹಾಕುವ ಉಚಿಮಾತಾ ಎರಡನೆಯದು. ಎರಡಕ್ಕೂ ತಗಲುವ ಶಕ್ತಿ, ಬೇಕಾದ ಮೈಕಟ್ಟು, ಹೊಂದುವ ಎತ್ತರ ಬೇರೆ ಬೇರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 100 ಕೆ.ಜಿ. ವಿಭಾಗದ ಚಿನ್ನ ಗೆದ್ದ ಇನೊಉಎ ಕೊಸೆಯ್ ಉಚಿಮಾತಾದಿಂದ ಬದುಕಿದವರು. ಎರಡು ಮೀಟರ್ ಮೀರಿದ ಎತ್ತರದ ಟೆಡ್ಡಿ ರಿನೆರ್ ಒಸೊತೊಗರಿ, ಉಚಿಮಾತಾಗಳಿಂದ ಎದುರಾಳಿಗಳನ್ನು ಕೆಡವಿದವರು. ಅಂಥವರ ಜೂಡೊ ಸಾಮರ್ಥ್ಯವನ್ನು ಅವರದಲ್ಲದ ಪಟ್ಟಿನಿಂದ ಅಳೆಯುವ ಕ್ರಮಕ್ಕೆ 'ವಿಶೇಷ' ಎಂಬ ಹೆಸರು ಹೊಂದುವುದಿಲ್ಲ.

ಆ ಪಟ್ಟಿನ ಮಹಾ ಪ್ರವೀಣನನ್ನೇ ತೆಗೆದುಕೊಳ್ಳಿ. ಕೊಗಾ ತೊಶಿಹಿಕೊ ಅವರ ಇಪ್ಪೊನ್ ಸೆಒಯಿ ನಾಗೆಯನ್ನು ಕಂಡವರು ಮರೆಯುವುದಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದಾಗ ಸ್ಪರ್ಧೆಗೆ ಕೆಲವೇ ದಿನ ಮೊದಲು ಅಭ್ಯಾಸದಲ್ಲಿ ಅವರ ಮೊಣಕಾಲಿಗೆ ಪೆಟ್ಟು ಬಿತ್ತು. ಆ ಕಾಲಿನಲ್ಲೇ 71 ಕೆ.ಜಿ. ವಿಭಾಗದ ಚಿನ್ನ ಗೆದ್ದರು. ಆ ವಾರ ಅವರನ್ನು ಆರು ಮೀಟರ್ ಅಂತರದ ಇಬ್ಬರ ನಡುವೆ ಓಡಿಸಿದ್ದರೆ ದರ್ಜೆಪಟ್ಟಿ ಅವರಿಗೆ ಕೆಳಗಿನ ಸಾಲನ್ನೇ ಕೊಡುತ್ತಿತ್ತು. ಒಬ್ಬ ಅಸಾಮಾನ್ಯ ಆಟಗಾರನಿಂದ ನಿಯಮ ಮಾಡಬಾರದು ಎಂಬ ಆಕ್ಷೇಪ ನನಗೆ ಗೊತ್ತು. ಆದರೂ ಅದೇ ಪಟ್ಟು, ಅದೇ ಮನುಷ್ಯ, ಜಗತ್ತಿನ ಅತಿ ಕಠಿಣ ಪಂದ್ಯದಲ್ಲಿ ಫಲಿಸಿ ಪರೀಕ್ಷೆಯಲ್ಲಿ ಸೋಲಬಹುದಾದರೆ, ಪಂದ್ಯದಲ್ಲಿದ್ದು ಪರೀಕ್ಷೆಯಲ್ಲಿ ಇಲ್ಲದ ಸಂಗತಿ ಯಾವುದು ಎಂದು ಹುಡುಕಬೇಕಾಗುತ್ತದೆ.

ಅದು ಎದುರಾಳಿ. ಪರೀಕ್ಷೆಯ ಉಕೆ ಹಿಡಿತ ಬಿಡಿಸಿಕೊಳ್ಳುವುದಿಲ್ಲ, ಸೊಂಟ ಹಿಂದಕ್ಕೆಳೆಯುವುದಿಲ್ಲ, ಮರುಪಟ್ಟು ಹಾಕುವುದಿಲ್ಲ; ಎಸೆಸಿಕೊಳ್ಳಲು ಒಪ್ಪಿಯೇ ನಿಂತಿರುತ್ತಾನೆ. ಜೂಡೊ ಸ್ಥಾಪಕ ಕಾನೊ ಜಿಗೊರೊ ಎಸೆತವನ್ನು ಮೂರು ಹಂತವಾಗಿ ಬಿಡಿಸಿದ್ದು ಜೂಡೊ ಬಲ್ಲವರಿಗೆಲ್ಲ ತಿಳಿದದ್ದೇ: ಸಮತೋಲ ಕೆಡಿಸುವ ಕುಜುಶಿ, ಮೈಯನ್ನು ಸ್ಥಾನಕ್ಕೆ ತರುವ ತ್ಸುಕುರಿ, ಕೊನೆಗೆ ಎಸೆದುಬಿಡುವ ಕಾಕೆ. ಇವುಗಳಲ್ಲಿ ಮೊದಲನೆಯದು ಎದುರಾಳಿಯ ವಿರೋಧವಿದ್ದಾಗಲೇ ಅರ್ಥ ಪಡೆಯುವಂಥದ್ದು. ಒಪ್ಪಿ ನಿಂತವನ ಸಮತೋಲ ಕೆಡಿಸುವ ಕೆಲಸವೇ ಇರುವುದಿಲ್ಲ. ನಮ್ಮ ಕುಸ್ತಿ ಅಖಾಡದಲ್ಲಿ ಪೈಲ್ವಾನರು ಕೈಗೆ ಕೈ, ಕುತ್ತಿಗೆಗೆ ಕೈ ಹಾಕಿ ಹಿಡಿತಕ್ಕಾಗಿ ಸೆಣಸುವಾಗ ಬಲ್ಲ ನೋಡುಗರು ಉಸಿರು ಹಿಡಿದು ಕೂರುತ್ತಾರೆ; ಕುಸ್ತಿ ಅಲ್ಲೇ ತೀರ್ಮಾನವಾಗುತ್ತದೆಂದು ಅವರಿಗೆ ಗೊತ್ತು. ಜೂಡೊದಲ್ಲಿ ಆ ಸೆಣಸಾಟಕ್ಕೆ ಕುಮಿಕಾತಾ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಸೆಕೆಂಡಿನ ಜಾಗವೂ ಇಲ್ಲ.

ಪರೀಕ್ಷೆಯ ಪರವಾಗಿ ಹೇಳಬೇಕಾದ್ದೂ ಇದೆ. ಖರ್ಚಿಲ್ಲದ್ದು, ಪ್ರಯೋಗಾಲಯ ಬೇಡದ್ದು, ಒಂದು ಗಡಿಯಾರ ಮತ್ತು ಬಡಿತ ಎಣಿಸುವ ಪಟ್ಟಿ ಇದ್ದರೆ ಎಲ್ಲಿ ಬೇಕಾದರೂ ಮಾಡಬಹುದಾದದ್ದು. ಋತುವಿನ ಆರಂಭಕ್ಕೂ ಕೊನೆಗೂ ಒಬ್ಬನೇ ಆಟಗಾರನನ್ನು ಅವನೊಂದಿಗೇ ಹೋಲಿಸಲು ಎಸೆತದ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. ಬಡ ದೇಶಗಳ ತರಬೇತುದಾರರಿಗೆ ಇದು ಸಣ್ಣ ಉಪಕಾರವಲ್ಲ.

ಇಲ್ಲಿ ಇತರ ವಿಮರ್ಶಕರೊಡನೆ ಒಂದು ಜಗಳ ಮಾಡಲೇಬೇಕು. ಜೂಡೊ ವಿಜ್ಞಾನವನ್ನು ಟೀಕಿಸುವವರಲ್ಲಿ ಎರಡು ಪಂಗಡ. ಒಂದು ಪಂಗಡ ಸಂಪ್ರದಾಯದ್ದು: ಜೂಡೊ ಆತ್ಮದ ಸಾಧನೆ, ಅದನ್ನು ಅಳೆಯಹೊರಟದ್ದೇ ತಪ್ಪು ಎನ್ನುತ್ತದೆ. ಇವರು ತಮ್ಮ ಮನೆಯ ಚರಿತ್ರೆಯನ್ನೇ ಓದಿಲ್ಲ. ಕಾನೊ ಕಟ್ಟಿದ ಜೂಡೊ ಶಾಲೆ ಕೊಡೊಕಾನ್‌ನ ವಿಜ್ಞಾನ ಅಧ್ಯಯನ ಸಂಘ 1958ರಲ್ಲೇ ತನ್ನ ಮೊದಲ ಸಂಚಿಕೆ ಹೊರತಂದಿತು. ಅದರಲ್ಲಿ ಇಕಾಯ್ ಮಿಚಿಯೊ ಮತ್ತು ಸಂಗಡಿಗರು ಕತ್ತು ಅದುಮುವ ಪಟ್ಟುಗಳಿಂದ ದೇಹಕ್ಕೆ ಏನಾಗುತ್ತದೆ ಎಂದು ಮಿದುಳಿನ ವಿದ್ಯುತ್ ಚಟುವಟಿಕೆ, ರಕ್ತದೊತ್ತಡಗಳನ್ನು ಅಳೆದು ಬರೆದರು. ಪಟ್ಟು ಹಾಕುವವನೂ ಹಾಕಿಸಿಕೊಳ್ಳುವವನೂ ಇಬ್ಬರೂ ಆ ಪ್ರಯೋಗದಲ್ಲಿದ್ದರು. ಅದೇ ಇಕಾಯ್ 1961ರಲ್ಲಿ ಆರ್ಥರ್ ಸ್ಟೈನ್‌ಹೌಸ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ಹಠಾತ್ತನೆ ಗುಂಡು ಹಾರಿಸಿದಾಗ ಅಥವಾ ತಾನೇ ಕೂಗಿಕೊಂಡಾಗ ಮನುಷ್ಯ ತೋರುವ ಬಲ ಹೆಚ್ಚುತ್ತದೆಂದು ತೋರಿಸಿದರು. ಬಲ ಸ್ನಾಯುವಿನಲ್ಲಿ ಅಡಗಿಸಿಟ್ಟ ಸ್ಥಿರ ಮೊತ್ತವಲ್ಲ, ಸನ್ನಿವೇಶ ಅದನ್ನು ಏರಿಳಿಸುತ್ತದೆ ಎಂಬ ಅರಿವು ಅದು. ಅಳತೆಯೇ ಬೇಡವೆನ್ನುವವರು ಇದನ್ನೂ ಬೇಡವೆನ್ನಬೇಕಾಗುತ್ತದೆ. ನಾನು ಆ ಪಂಗಡದವನಲ್ಲ.

ಎರಡನೆಯ ಪಂಗಡದ ಮೇಲೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ, ಏಕೆಂದರೆ ಅವರ ಮಾತು ಗಂಭೀರವಾಗಿ ಕೇಳಿಸುತ್ತದೆ. ಪ್ರಬಂಧಗಳಲ್ಲಿ ಆಟಗಾರರ ಸಂಖ್ಯೆ ಕಡಿಮೆ, ಹತ್ತು ಹನ್ನೆರಡು ಜನರಿಂದ ತೀರ್ಮಾನಕ್ಕೆ ಬರುತ್ತಾರೆ, ನೂರು ಜನರನ್ನು ತನ್ನಿ, ಸಂಖ್ಯಾಶಾಸ್ತ್ರ ಬಿಗಿಗೊಳಿಸಿ ಎನ್ನುತ್ತಾರೆ ಅವರು. ಕೊರತೆ ನಿಜ. ಆದರೆ ಈ ಟೀಕೆ ಸಂಕಿರಣಗಳಿಗೆ ಸುಲಭದ ಪ್ರಾಯಶ್ಚಿತ್ತ ಕೊಟ್ಟುಬಿಡುತ್ತದೆ. ಮುಂದಿನ ಸಲ ನೂರು ಜನರನ್ನು ಆರು ಮೀಟರ್ ಓಡಿಸಿ, ಅದೇ ಭಾಗಾಕಾರ ಮಾಡಿ, ನಿಖರವಾದ ಸರಾಸರಿ ತರುತ್ತಾರೆ. ಬೇಡದ್ದನ್ನು ಎಷ್ಟೇ ನಿಖರವಾಗಿ ಅಳೆದರೂ ಬೇಕಾದ್ದು ದಕ್ಕುವುದಿಲ್ಲ. ಪುನರಾವರ್ತನೆಯಲ್ಲಿ ಒಂದೇ ಫಲ ಬರುತ್ತದೆ ಎಂಬುದನ್ನು ಈ ಪರೀಕ್ಷೆಯ ದೊಡ್ಡ ಗುಣವಾಗಿ ಎತ್ತಿ ಹಿಡಿಯುತ್ತಾರಲ್ಲ, ಆ ಗುಣ ಬಂದದ್ದೇ ಎದುರಾಳಿಯನ್ನು ನಿಶ್ಚಲವಾಗಿ ನಿಲ್ಲಿಸಿದ್ದರಿಂದ. ಸೆಣಸುವ ಎದುರಾಳಿಯನ್ನು ಒಳಗೆ ತಂದ ಕ್ಷಣ ಫಲ ಏರುಪೇರಾಗುತ್ತದೆ. ಆ ಏರುಪೇರನ್ನು ದೋಷವೆಂದು ಒರೆಸಿ ಹಾಕುವ ಬದಲು ಅಧ್ಯಯನದ ವಸ್ತುವಾಗಿ ಎತ್ತಿಕೊಳ್ಳಬೇಕಿತ್ತು.

ಎತ್ತಿಕೊಂಡವರು ಇಲ್ಲದಿಲ್ಲ. ರಾಡ್ನಿ ಇಮಾಮುರ ಮತ್ತು ಸಂಗಡಿಗರು 2007ರಲ್ಲಿ ಹರಾಯಿಗೊಶಿ ಎಸೆತವನ್ನು ಪಂದ್ಯದಂಥ ಸನ್ನಿವೇಶದಲ್ಲೂ ಸ್ಪರ್ಧೆಯಿಲ್ಲದ ಸನ್ನಿವೇಶದಲ್ಲೂ ಚಿತ್ರಿಸಿ ಹೋಲಿಸಿದರು. ಎದುರಾಳಿ ಒಪ್ಪಿದಾಗಿನ ಎಸೆತಕ್ಕೂ ಒಪ್ಪದಿದ್ದಾಗಿನ ಎಸೆತಕ್ಕೂ ಚಲನೆಯಲ್ಲಿ ಏನು ವ್ಯತ್ಯಾಸ ಎಂಬುದೇ ಅವರ ಪ್ರಶ್ನೆ. ಜೂಡೊ ವಿಜ್ಞಾನ ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದ ಪ್ರಶ್ನೆ ಇದು. ಸಾಕ್ರಿಪಾಂತಿ ಇಬ್ಬರು ಆಟಗಾರರನ್ನು ಹಿಡಿತದಿಂದ ಬೆಸೆದುಕೊಂಡ ಒಂದೇ ವ್ಯವಸ್ಥೆಯಾಗಿ ನೋಡಿ ವರ್ಷಗಟ್ಟಲೆ ಬರೆದಿದ್ದಾರೆ. ಸಂಕಿರಣವೊಂದರ ನಡುಭಾಗವನ್ನು ಹಿಡಿದು ನಿಲ್ಲಿಸಬಲ್ಲ ಕೆಲಸ ಇವು.

2010ರಿಂದೀಚಿನ ಪಂದ್ಯ ನಿಯಮಗಳನ್ನೂ ನೋಡಿ. ಸೊಂಟಪಟ್ಟಿಯ ಕೆಳಗೆ ಕೈ ಹಾಕಿ ಕಾಲು ಹಿಡಿಯುವುದಕ್ಕೆ 2010ರಲ್ಲಿ ಕಡಿವಾಣ ಬಿತ್ತು, 2013ರಲ್ಲಿ ಅದು ಪೂರ್ತಿ ನಿಂತಿತು. ಅದೇ ವರ್ಷ ಹೆಚ್ಚುವರಿ ಅವಧಿಯ ಕಾಲಮಿತಿ ತೆಗೆದರು. 2017ರಲ್ಲಿ ಗಂಡಸರ ಪಂದ್ಯ ಐದರಿಂದ ನಾಲ್ಕು ನಿಮಿಷಕ್ಕಿಳಿಯಿತು, ಯುಕೊ ಎಂಬ ಕಿರಿಯ ಅಂಕ ಹೋಯಿತು, 2025ರಲ್ಲಿ ಮರಳಿತು. ಪ್ರತಿ ಬದಲಾವಣೆಗೂ ಆಟಗಾರರ ಹಿಡಿತ, ನಿಲುವು, ಲಯ ಬದಲಾದವು. 1995ರ ಪರೀಕ್ಷೆಯ ಮೂಲ ವಿಧಾನ ಹಾಗೆಯೇ ಉಳಿದಿದೆ. ಅದು ಇಷ್ಟು ಕಾಲ ಬಾಳಿದ್ದನ್ನು ಗಟ್ಟಿತನದ ಸಾಕ್ಷಿ ಎಂದು ಹೊಗಳುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಪಂದ್ಯದೊಂದಿಗೆ ಅದಕ್ಕಿರುವ ಸಂಬಂಧ ಎಷ್ಟು ತೆಳು ಎಂಬುದು.

ಎಸೆತದ ಸಂಖ್ಯೆಯನ್ನು ತರಬೇತುದಾರನ ಟಿಪ್ಪಣಿ ಪುಸ್ತಕಕ್ಕೆ ಬಿಟ್ಟುಕೊಡಬಹುದು. ಸೂಚ್ಯಂಕವನ್ನು ಕೈಬಿಡಬೇಕು. ಸಂಕಿರಣದ ಪರಿಶೀಲಕರು ಪ್ರಬಂಧ ಕೈಗೆತ್ತಿಕೊಂಡಾಗ ಉಕೆಗೆ ಏನು ಸೂಚನೆ ಕೊಡಲಾಗಿತ್ತು, ಅವನು ಹಿಡಿತಕ್ಕೆ ಸೆಣಸಬಹುದಿತ್ತೇ, ಎಸೆತಕ್ಕೆ ಮೊದಲು ಎಷ್ಟು ಸಲ ಹಿಡಿತ ಕಳಚಿತು ಎಂದು ಮೊದಲು ಕೇಳಲಿ. ಇದಕ್ಕೆ ಉತ್ತರವಿಲ್ಲದ ಪ್ರಬಂಧ ದೈಹಿಕ ಸಾಮರ್ಥ್ಯದ ಯಾವುದಾದರೂ ಸಭೆಗೆ ಹೋಗಲಿ, ಜೂಡೊದ ಸಭೆಗೆ ಬೇಡ.