ಬಿಸಿಲ ನಾಡಿನ ಗಾಡಿಗೆ ಮೊದಲು ನೆರಳು, ಆಮೇಲೆ ಪ್ಲೇಟು

ಈ ವಾರ ಇನ್ವರ್ಟರಿನ ಪಾಳಿ ಎಂದು ಹೋದ ವಾರವೇ ಸಾರಿದ್ದಾಗಿದೆ. ಆದರೆ ಇದು ಕಲಬುರಗಿಯ ಮೇ ತಿಂಗಳು, ಹೊರಗೆ 42 ಡಿಗ್ರಿ. ಇಂಥ ಹೊತ್ತಿನಲ್ಲಿ ಪ್ಯೂರ್ ಸೈನ್ ವೇವ್ ಯಾರಿಗೆ ಬೇಕಾಗಿದೆ? ಮಲಗುವ ಗಾಡಿಗೆ ಸೋಲಾರ್ ಹಾಕಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಮ್ಯಾಲ ಎಷ್ಟು ಪ್ಲೇಟು ಹಿಡಿಸ್ತಾವ?" ಈ ಅಂಕಣದ ಹಳೆಯ ಜಗಳವೂ ಆ ಪ್ರಶ್ನೆಯ ಜೊತೆಗೇ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಬಿಸಿಲಿಗೆ ಯಾವತ್ತೂ ಬರವಿಲ್ಲ, ಬರ ಇರುವುದು ನೆರಳಿಗೆ. ಆದ್ದರಿಂದ ದುಡ್ಡಿನ ಮೊದಲ ಕಂತು ಕಾವು ತಡೆಯಲು ಹೋಗಬೇಕು, ಎರಡನೆಯದು ಬ್ಯಾಟರಿಗೆ, ಉಳಿದದ್ದು ಪ್ಲೇಟಿಗೆ.

ಲೆಕ್ಕ ಹಾಕಲು ಒಂದು ದಾರಿ ಬೇಕು. ನೀರಿನ ದಾರಿಯನ್ನೇ ಹಿಡಿಯೋಣ. ಆಳಂದದ ಲಾಡ್ಲೆ ಮಶಾಕ್ ದರ್ಗಾದಿಂದ ಹೊರಟು ಕೊರಳ್ಳಿಯ ಅಮರ್ಜಾ ಜಲಾಶಯ, ಅಲ್ಲಿಂದ ಅಮರ್ಜಾ ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮ, ಆಮೇಲೆ ಕಟ್ಟಿಸಂಗಾವಿಯ ಸೇತುವೆ ದಾಟಿ ಜೇವರ್ಗಿ. ಕಲಬುರಗಿಯಿಂದ ಆಳಂದವಾಗಲಿ ಜೇವರ್ಗಿಯಾಗಲಿ 40 ಕಿ.ಮೀ. ಆಸುಪಾಸು. ಅಂದರೆ ಗಾಡಿ ಓಡುವುದು ಕಡಿಮೆ, ನಿಲ್ಲುವುದೇ ಹೆಚ್ಚು. ಎಂಜಿನ್ನಿನ ಆಲ್ಟರ್ನೇಟರ್ ಬ್ಯಾಟರಿ ತುಂಬಿಸಿಕೊಡುತ್ತದೆ ಎಂದು ಕೂರುವಂತಿಲ್ಲ. ಕೇರಳದವರು 2021ರಲ್ಲಿ ಕೇರವಾನ್ ಯೋಜನೆ ತಂದಾಗ ಗಾಡಿಗಳ ಜೊತೆಗೆ ಅವು ತಂಗುವ ಪಾರ್ಕುಗಳನ್ನೂ ಸೇರಿಸಿದರು. ಸಂಗಮದ ಬಯಲಿನಲ್ಲಿ ಅಂಥ ಪ್ಲಗ್ಗು ಹುಡುಕುವವರಿಗೆ ದತ್ತಾತ್ರೇಯನೇ ಗತಿ.

ಈಗ ಕಾವಿನ ಮಾತು. ಪ್ಲೇಟಿನ ಮೇಲೆ ಬರೆದ ವ್ಯಾಟು 25 ಡಿಗ್ರಿಯ ಲೆಕ್ಕದ್ದು. ಅದಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಇಳುವರಿ ಕರಗುತ್ತದೆ. ಗಾಳಿಯೇ 42 ಡಿಗ್ರಿ ಇರುವಾಗ, ಬ್ರ್ಯಾಕೆಟ್ಟಿನ ಮೇಲೆ ಎತ್ತಿ ಕೂರಿಸಿದ ಗಾಜಿನ ಪ್ಲೇಟೂ 65 ಡಿಗ್ರಿ ದಾಟುತ್ತದೆ. ಶೇ. 14-15 ಅಲ್ಲೇ ಹೋಯಿತು. ಛಾವಣಿಗೆ ನೇರವಾಗಿ ಅಂಟಿಸುವ ತೆಳ್ಳನೆಯ, ಬಾಗುವ ಪ್ಲೇಟಿನ ಪಾಡು ಇನ್ನೂ ಕೆಟ್ಟದ್ದು. ಅದರ ಕೆಳಗೆ ಗಾಳಿ ಆಡುವುದಿಲ್ಲ, ಅದು ಉಂಡ ಕಾವೆಲ್ಲ ತಗಡಿನ ಮೂಲಕ ಒಳಗೆ ಮಲಗಿದವರ ಮೈಗೆ ಇಳಿಯುತ್ತದೆ. ಚಂದ ಕಾಣುತ್ತದೆ, ಹಗುರ, ರಂಧ್ರ ಕೊರೆಯಬೇಕಿಲ್ಲ ಎಂದು ಅಂಟು ಪಂಥದವರು ವಾದಿಸುತ್ತಾರೆ. ಮೂರೂ ನಿಜ. ಊಟಿಗೆ ಹೋಗುವ ಗಾಡಿಯಾದರೆ ಈ ಅಂಕಣವೂ ಸುಮ್ಮನಿರುತ್ತಿತ್ತು.

ನಾಲ್ಕು ಬೆರಳು ಎತ್ತರಿಸಿದ ಗಟ್ಟಿ ಪ್ಲೇಟು ಮನೆಮುಂದಿನ ಚಪ್ಪರದ ಕೆಲಸ ಮಾಡುತ್ತದೆ: ಬಿಸಿಲನ್ನು ತಾನು ಹೊತ್ತು, ನಡುವಿನ ಗಾಳಿಗೆ ಕಾವನ್ನು ಬಿಟ್ಟುಕೊಡುತ್ತದೆ. ಅದರಡಿಯ ತಗಡು ತಂಪಾಗಿದ್ದಷ್ಟೂ ಒಳಗಿನ ಫ್ರಿಜ್ಜಿನ ಕಂಪ್ರೆಸರ್ ಕಡಿಮೆ ದುಡಿಯುತ್ತದೆ. ಪ್ಲೇಟು ಮಾಡುವ ಕರೆಂಟಿನ ಜೊತೆಗೆ ಉಳಿಸುವ ಕರೆಂಟನ್ನೂ ಎಣಿಸಬೇಕು. ಛಾವಣಿಗೆ ಬಿಳಿ ಬಣ್ಣ, ಒಳಗೋಡೆಗೆ ಇನ್ಸುಲೇಷನ್, ಕಿಟಕಿಗೆ ಹೊರಗಿನಿಂದ ಪರದೆ, ಮೇಲೊಂದು ಗಾಳಿ ಎಳೆಯುವ ಫ್ಯಾನು. ಇಷ್ಟಾದ ಮೇಲೆ ವ್ಯಾಟಿನ ಲೆಕ್ಕ ಹಿಡಿಯಬಹುದು.

ನಾಲ್ಕು ಎಲ್‌ಇಡಿ ದೀಪ ಐದು ತಾಸು ಉರಿದರೆ 100 ವ್ಯಾಟ್-ಅವರ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹತ್ತು ತಾಸಿಗೆ 300. 12 ವೋಲ್ಟಿನ ಸಣ್ಣ ಫ್ರಿಜ್ಜು ಬೇಸಿಗೆಯಲ್ಲಿ ದಿನದ ಅರ್ಧ ಓಡಿದರೂ 540. ಫೋನು, ಲ್ಯಾಪ್‌ಟಾಪಿಗೆ 200, ನೀರಿನ ಪಂಪಿಗೆ 20. ಒಟ್ಟು 1160, ಸೋರಿಕೆ ಸೇರಿಸಿ 1300 ಎನ್ನಿ. 540 ವ್ಯಾಟಿನ ಒಂದೇ ಒಂದು ಪ್ಲೇಟು, ದಿನಕ್ಕೆ ಐದೂವರೆ ತಾಸಿನ ಪೂರ್ಣ ಬಿಸಿಲು, ಕಾವು-ಧೂಳು-ತಂತಿ ಎಂದು ನೂರಕ್ಕೆ ಮೂವತ್ತು ಕಳೆದರೂ 2000 ದಾಟುತ್ತದೆ. ಒಂದು ಸಾಕು.

ಸಾಕಾಗದೆ ಇರುವುದು ಏಸಿ ಬೇಕೆನ್ನುವವರಿಗೆ. ಒಂದು ಟನ್ನಿನ ಇನ್ವರ್ಟರ್ ಏಸಿ ರಾತ್ರಿಯಿಡೀ ಓಡಿದರೆ ಮೇಲಿನ ಇಡೀ ಪಟ್ಟಿಯ ನಾಲ್ಕೈದು ಪಟ್ಟು ಕುಡಿಯುತ್ತದೆ. ಯೂಟ್ಯೂಬಿನ ವ್ಯಾನ್‌ಲೈಫ್ ಹುಡುಗರು ಅದನ್ನು ಹಾಕಿ, ಅದಕ್ಕಾಗಿ ನಾಲ್ಕು ಬ್ಯಾಟರಿ ಹಾಕಿ, ಅದಕ್ಕಾಗಿ ಛಾವಣಿ ತುಂಬ ಪ್ಲೇಟು ಹಾಕಿ, ಕೊನೆಗೆ ಭಾರಕ್ಕೆ ಸ್ಪ್ರಿಂಗ್ ಬದಲಿಸುತ್ತಾರೆ. ಇಂಡಕ್ಷನ್ ಒಲೆಯ ಹಂಬಲವೂ ಇಂಥದೇ. ಜೋಳದ ರೊಟ್ಟಿ ಬೆಂಕಿಯ ಮೇಲೆ ಉಬ್ಬುವಂತೆ ಇಂಡಕ್ಷನ್ ಮೇಲೆ ಉಬ್ಬುವುದಿಲ್ಲ. 5 ಕೆ.ಜಿ. ಸಿಲಿಂಡರು ಇರಲಿ, ವಿಷಯ ಮುಗಿಯಿತು.

ಬೇಕಾದ್ದನ್ನು ಮೊದಲು ಅಳೆದು ಆಮೇಲೆ ಪ್ಲೇಟು ಕೊಳ್ಳುವ ರೀತಿ ಈ ರಾಜ್ಯಕ್ಕೆ ಹೊಸದೇನಲ್ಲ. 1995ರಲ್ಲಿ ಶುರುವಾದ ಸೆಲ್ಕೋ, ಮನೆಗೆ ಎಷ್ಟು ದೀಪ, ಎಷ್ಟು ತಾಸು ಎಂದು ಕೇಳಿಯೇ ಸೋಲಾರ್ ಕೊಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಬಂತು. ಇನ್ನೂ ಹತ್ತಿರದ ಪಾಠ ಬೇಕಾದರೆ ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ ತಾಲ್ಲೂಕಿನ ಹವಳಗಾ ಅಥವಾ ಆಳಂದ ತಾಲ್ಲೂಕಿನ ಭೂಸನೂರು ಸಕ್ಕರೆ ಕಾರ್ಖಾನೆಯ ಸುತ್ತ ತಿರುಗಿ ಬರಬೇಕು. ಕಬ್ಬು ಕಡಿಯುವ ಗುಂಪುಗಳ ತಾಡಪಾಲು ಗುಡಿಸಲ ಬದಿಗೆ ಒರಗಿಸಿಟ್ಟ ಅಂಗೈಯಗಲದ ಪ್ಲೇಟು ಒಂದು ಬಲ್ಬು, ಒಂದು ಫೋನು ಇಷ್ಟನ್ನೇ ನೋಡಿಕೊಳ್ಳುತ್ತದೆ. ಗುಡಿಸಲು ಮರದ ಕೆಳಗೆ, ಪ್ಲೇಟು ಬಿಸಿಲಿನಲ್ಲಿ. ಲಕ್ಷಗಟ್ಟಲೆ ಸುರಿದವರು ಮರೆಯುವ ಉಪಾಯ ಅದು: ಗಾಡಿಯನ್ನು ಬೇವಿನ ನೆರಳಿಗೆ ನಿಲ್ಲಿಸಿ, ಮಡಚುವ 200 ವ್ಯಾಟಿನ ಪ್ಲೇಟೊಂದನ್ನು ಹತ್ತು ಮೀಟರ್ ತಂತಿಯಲ್ಲಿ ಬಯಲಿಗೆ ಹಾಸುವುದು.

ಬ್ಯಾಟರಿಗೆ ಬಂದರೆ, ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಗಾಡಿಗೂ ಏರಿಸುವ ಹಳಬರ ಜೊತೆ ಜಗಳಕ್ಕೆ ಜಾಗ ಉಳಿದಿಲ್ಲ. 150 ಆಂಪ್-ಅವರಿನ ಸೀಸದ ಬ್ಯಾಟರಿ 50 ಕೆ.ಜಿ.ಗೂ ಮೇಲೆ ತೂಗುತ್ತದೆ, ಬಾಳಿಕೆ ಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಅದರ ಅರ್ಧ ತೂಕದ 12.8 ವೋಲ್ಟ್, 200 ಆಂಪ್-ಅವರಿನ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಪೆಟ್ಟಿಗೆ 2560 ವ್ಯಾಟ್-ಅವರ್ ಹಿಡಿಯುತ್ತದೆ, ನೂರಕ್ಕೆ ತೊಂಬತ್ತು ಕೊಡುತ್ತದೆ. ನಮ್ಮ ಪಟ್ಟಿಗೆ ಒಂದೂಮುಕ್ಕಾಲು ದಿನ.

ಈ ಫಾಸ್ಫೇಟಿನ ಮೂಲಪ್ರಬಂಧವನ್ನು ಗಾಡಿ ಹುಚ್ಚಿನವರೆಲ್ಲ ಒಮ್ಮೆ ಓದಬೇಕು. 1997ರಲ್ಲಿ ಅಮೆರಿಕದ ಎಲೆಕ್ಟ್ರೋಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಟೆಕ್ಸಸ್ ವಿಶ್ವವಿದ್ಯಾಲಯದ ಮೂವರು: ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಜೆ.ಬಿ. ಗುಡ್‌ಇನಫ್. ನಡುವಿನ ಹೆಸರು ಕಂಡರೆ ಕನ್ನಡದ ಓದುಗರ ಕಿವಿ ನಿಮಿರದೆ ಇರದು (ರೈತ ಸಂಘದ ಪ್ರೊಫೆಸರ್ ಅಲ್ಲ, ಇವರು ಬೇರೆ). ಪ್ರಕೃತಿಯಲ್ಲಿ ಟ್ರಿಫಿಲೈಟ್ ಎಂಬ ಖನಿಜವಾಗಿ ಸಿಗುವ ಈ ಪದಾರ್ಥದಿಂದ ಲಿಥಿಯಂ ಹೊರಬಂದು ಮತ್ತೆ ಒಳಸೇರುತ್ತದೆ, ಸುಮಾರು ಮೂರೂವರೆ ವೋಲ್ಟಿನಲ್ಲಿ, ಎಂದು ಅವರು ತೋರಿಸಿದರು. ಗ್ರಾಮಿಗೆ 170 ಮಿಲಿಆಂಪ್-ಅವರ್ ಸಿಗಬೇಕಾದಲ್ಲಿ ಅವರಿಗೆ ದಕ್ಕಿದ್ದು 100-110. ಕರೆಂಟು ಜಾಸ್ತಿ ಎಳೆದರೆ ಅದೂ ಕುಸಿಯುತ್ತಿತ್ತು. ಹಾಗಾಗಿ ಮೂವರೂ ದೊಡ್ಡ ಮಾತಾಡಲಿಲ್ಲ: ಅಗ್ಗ, ವಿಷವಿಲ್ಲ, ಪರಿಸರಕ್ಕೆ ಹಾನಿಯಿಲ್ಲ, ಸಣ್ಣ ಶಕ್ತಿಯ ಬ್ಯಾಟರಿಗೆ ತಕ್ಕುದು ಎಂದಷ್ಟೇ ಹೇಳಿ ಬಿಟ್ಟರು. ಆಮೇಲೆ ಕಣಗಳನ್ನು ಇನ್ನೂ ನುಣ್ಣಗೆ ಮಾಡಿ ಇಂಗಾಲದ ಲೇಪ ಕೊಟ್ಟವರು ಆ ಕೊರತೆ ನೀಗಿದರು, ಬಸ್ಸು-ಕಾರುಗಳೂ ಅದರ ಮೇಲೆ ಓಡತೊಡಗಿದವು. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂದದ್ದು ಮುಖ್ಯವಾಗಿ 1980ರ ಕೋಬಾಲ್ಟ್ ಆಕ್ಸೈಡಿಗಾಗಿ. ಜೇವರ್ಗಿಯ ಬಿಸಿಲಿಗೆ ಹೊಂದುವುದು ಮಾತ್ರ ಕಬ್ಬಿಣದ್ದೇ. ಕೋಬಾಲ್ಟ್ ಆಕ್ಸೈಡ್ ಮಿತಿಮೀರಿ ಕಾದರೆ ಆಮ್ಲಜನಕ ಬಿಡುತ್ತದೆ, ಬೆಂಕಿಗೆ ಅದೇ ಮೇವು. ಫಾಸ್ಫೇಟಿನಲ್ಲಿ ರಂಜಕ ಆ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿರುತ್ತದೆ.

ಹಾಗೆಂದು ಅದನ್ನು ಎಲ್ಲಿಯಾದರೂ ತುರುಕಬಹುದು ಅಂತಲ್ಲ. ಬ್ಯಾಟರಿ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಮುದಿಯಾಗುತ್ತದೆ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. ಕಿಟಕಿ ಮುಚ್ಚಿ ಬಿಸಿಲಲ್ಲಿ ಬಿಟ್ಟ ಗಾಡಿಯ ಒಳಗು ಸುಲಭವಾಗಿ 60ರ ಹತ್ತಿರ ಹೋಗುತ್ತದೆ, ಆಗ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿಬಿಡಬಹುದು. ಬ್ಯಾಟರಿಯ ಜಾಗ ನೆಲಮಟ್ಟ, ಎಂಜಿನ್ನಿನಿಂದ ದೂರ, ಗಾಳಿಯಾಡುವ ಸೀಟಿನ ಕೆಳಗೆ.

ಎರಡು ಪ್ಲೇಟು ಹಾಕಿಯೇ ತೀರುವವರಿಗೆ ಒಂದು ಎಚ್ಚರಿಕೆ, ಅದೂ ಬೇಸಿಗೆಯದಲ್ಲ. 540 ವ್ಯಾಟಿನ ಪ್ಲೇಟಿನ ಓಪನ್ ವೋಲ್ಟೇಜು ಸುಮಾರು 49.5. ಎರಡನ್ನು ಸೀರೀಸಿನಲ್ಲಿ ಜೋಡಿಸಿದರೆ 99; 100 ವೋಲ್ಟಿನ ಎಂಪಿಪಿಟಿ ಚಾರ್ಜ್ ಕಂಟ್ರೋಲರಿಗೆ ಸರಿಹೋಯಿತು ಎನಿಸುತ್ತದೆ. ತಂಪಾದಷ್ಟೂ ವೋಲ್ಟೇಜು ಏರುತ್ತದೆ. ಆಳಂದದ ಡಿಸೆಂಬರ್ ಬೆಳಗು 12 ಡಿಗ್ರಿ ಇದ್ದು ಬಿಸಿಲು ತಟ್ಟಿತೆಂದರೆ ಅದು 102 ದಾಟುತ್ತದೆ, ಕಂಟ್ರೋಲರು ಚಳಿಗಾಲದಲ್ಲೇ ಸುಟ್ಟುಹೋಗಬಹುದು. ಪ್ಯಾರಲಲ್ ಮಾಡಬೇಕು, ಇಲ್ಲವೆ 150 ವೋಲ್ಟಿನ ಕಂಟ್ರೋಲರು ಕೊಳ್ಳಬೇಕು.

ಮೋಡದ ಆಗಸ್ಟಿಗೆ 30 ಆಂಪಿನ ಡಿಸಿ-ಡಿಸಿ ಚಾರ್ಜರೊಂದು ಇರಲಿ. ಗಾಡಿ ಒಂದು ತಾಸು ಓಡಿದರೆ 400 ವ್ಯಾಟ್-ಅವರ್ ಬಂದೀತು. ಹಲವು ಬಿಎಸ್6 ಗಾಡಿಗಳ ಆಲ್ಟರ್ನೇಟರ್ ತನ್ನ ವೋಲ್ಟೇಜನ್ನು ಮನಸೋ ಇಚ್ಛೆ ಇಳಿಸುವುದರಿಂದ ಬರೀ ರಿಲೇ ಸಾಲದು. ಸರ್ಕಾರದ ಸಹಾಯಧನ ನೆಚ್ಚುವಂತಿಲ್ಲ, 2024ರ ಪಿಎಂ ಸೂರ್ಯಘರ್ ಗ್ರಿಡ್ಡಿಗೆ ಸೇರಿದ ಮನೆಗಳಿಗೆ ಮಾತ್ರ. ಗಾಡಿಯ ಒಳಾಂಗಣವನ್ನೇ ಬದಲಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ, ಆರ್‌ಟಿಒ ಒಪ್ಪಿಗೆ ಕೈಯಲ್ಲಿ ಹಿಡಿದೇ ಬಡಗಿಯನ್ನು ಕರೆಯಬೇಕು. ಇನ್ನು ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು, ಎರೆಮಣ್ಣಿನ ಧೂಳು ಎರಡೂ ಪ್ಲೇಟಿನ ಮೇಲೆ ಕೂರುತ್ತವೆ. ತೊಳೆಯುವುದು ಬೆಳಿಗ್ಗೆ, ಗಾಜು ಕಾಯುವ ಮುನ್ನ. ಬೋರಿನ ಗಡಸು ನೀರಾದರೆ ಒಣಗಲು ಬಿಡದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಬಿಳಿ ಉಪ್ಪು ಕಟ್ಟುತ್ತದೆ.